ಪಲ್ಪರ್ ನಿಂತೈತೆ

ನನಗೆ ಬಾಯಿ ಜಾಸ್ತಿ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿಲ್ಲ, ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಬೆಳಗೋಡಿನ ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಕೂತ ಗಂಡಸರು ನಾನು ಹತ್ತುವುದನ್ನು ಕಂಡೇ ಏಳುತ್ತಿದ್ದರು. ಮದುವೆಯಾಗಿ ಆಲೂರು ಕಡೆಗೆ ಹೋದ ಮೊದಲ ತಿಂಗಳಲ್ಲೇ ನನ್ನ ಅತ್ತೆ, "ಇವ್ಳನ್ನ ಗದ್ದೆ ಕಾಯಕ್ಕೆ ಬುಟ್ರೆ ಹಂದಿ ಹತ್ರ ಸುಳಿಯಲ್ಲ" ಎಂದಿದ್ದರು. ಹೊಗಳಿದರೋ ಬೈದರೋ ಇವತ್ತಿಗೂ ಗೊತ್ತಾಗಿಲ್ಲ. ಅಂಥ ನಾನು ನನ್ನ ಮೊದಲ ಹೆರಿಗೆಯಲ್ಲಿ ಬೆಳಗಿನ ಜಾವದಿಂದ ಮಧ್ಯಾಹ್ನ ಮೂರು ಗಂಟೆಯವರೆಗೆ ನೋವಿಗೆ ಒಂದು ಸಲವೂ ಕೂಗಲಿಲ್ಲ ಎಂದರೆ ನಂಬುವವರು ಕಡಿಮೆ. ನಂಬಿದವರು ಗಟ್ಟಿಗಿತ್ತಿ ಎನ್ನುತ್ತಾರೆ. ಹೆದರಿ ಸಾಯುತ್ತಿದ್ದೆ ಎಂದು ಹೇಳಿದರೆ ಅವರಿಗೆ ಅಷ್ಟು ರುಚಿಸುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅಪ್ಪ ಬೆಳಗೋಡಿನಿಂದ ಒಳಗೆ, ಮಣ್ಣು ರಸ್ತೆಯಲ್ಲಿ ನಾಲ್ಕೈದು ಮೈಲಿ ಹೋದರೆ ಸಿಗುವ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದು, ಬಿಡಿಸಿದ ಹಣ್ಣು ತೂಗಿಸುವುದು, ಸ್ಟೋರಿನ ಬೀಗದ ಕೈ ಇಟ್ಟುಕೊಳ್ಳುವುದು ಅವರ ಕೆಲಸ. ಮನೆಯೂ ಎಸ್ಟೇಟಿನದೇ. ಒಂದು ಪಕ್ಕಕ್ಕೆ ಆಳುಗಳು ವಾಸವಿದ್ದ ಲೈನು, ಇನ್ನೊಂದು ಪಕ್ಕಕ್ಕೆ ಇಳಿಜಾರಿನಲ್ಲಿ ಪಲ್ಪರ್ ಮನೆ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ ಇದ್ದ ಶೆಡ್ಡು. ಹಣ್ಣಿನ ಕಾಲ ಬಂತೆಂದರೆ ಅದರ ಸದ್ದಿಗೆ ನಮ್ಮ ಅಡುಗೆಮನೆಯ ಲೋಟಗಳೂ ಅಲುಗುತ್ತಿದ್ದವು. ಮೊದಲ ಹೆರಿಗೆ ತವರಿನಲ್ಲಿ ಎಂಬ ಪದ್ಧತಿಯಂತೆ ಏಳನೇ ತಿಂಗಳಲ್ಲಿ ನನ್ನನ್ನು ಅಲ್ಲಿಗೆ ಕರೆತಂದಿದ್ದರು.

ಅವ್ವನಿಗೆ ಒಂದು ನಂಬಿಕೆ ಇತ್ತು. ಹೆಣ್ಣಿಗೆ ಬೇನೆ ಬಂದ ಸುದ್ದಿ ಹೊರಗೆ ಗೊತ್ತಾಗಬಾರದು. ಒಂದೊಂದು ಕಿವಿಗೆ ಬಿದ್ದಷ್ಟೂ ಹೆರಿಗೆ ಒಂದೊಂದು ಗಳಿಗೆ ಹಿಂದಕ್ಕೆ ಹೋಗುತ್ತದೆ, ಹತ್ತು ಜನಕ್ಕೆ ಗೊತ್ತಾದರೆ ಹತ್ತು ಪಟ್ಟು ನೋವು ತಿನ್ನಬೇಕು. ಈ ಮಾತನ್ನು ನಮ್ಮ ಕಡೆ ಎಷ್ಟೋ ಹೆಂಗಸರು ಆಡುತ್ತಾರೆ, ಆಡಿ ಮರೆಯುತ್ತಾರೆ. ಅವ್ವ ಮರೆಯುವ ಪೈಕಿ ಅಲ್ಲ. ಅವಳಿಗೆ ಕಾರಣವಿತ್ತು. ನನಗಿಂತ ಮೊದಲು ಅವಳಿಗೆ ಇನ್ನೊಂದು ಮಗು ಹುಟ್ಟಿತ್ತು ಎಂಬುದನ್ನು ಲೈನಿನಲ್ಲಿ ಎಳೆಮಕ್ಕಳಿಗೆ ನೀರು ಹಾಕುವ ಅಜ್ಜಿ ನನಗೆ ಹೇಳಿದ್ದಳು. "ನಿಮ್ಮವ್ವ ಆವತ್ತು ಗುಡ್ಡ ಬಿರಿಯೋ ಹಂಗೆ ಕೂಗಿದ್ರು ಕಣವ್ವ. ಲೈನಿಗ್ ಲೈನೇ ಬಂದು ಬಾಗ್ಲಲ್ಲಿ ನಿಂತಿತ್ತು. ಎಲ್ಡು ದಿನ ನೋವು ತಿಂದ್ರು. ಕೂಸು ಉಸ್ರೇ ಆಡ್ನಿಲ್ಲ."

ಅವ್ವ ಅದನ್ನು ಯಾವತ್ತೂ ನನ್ನ ಹತ್ತಿರ ಆಡಿರಲಿಲ್ಲ. ನಾನೂ ಕೇಳಲಿಲ್ಲ. ಆದರೆ ಅಜ್ಜಿಯ ಮಾತು ಕಿವಿಗೆ ಬಿದ್ದ ದಿನದಿಂದ ನನ್ನ ಹೊಟ್ಟೆಯಲ್ಲಿರುವುದು ಉಸಿರಾಡುತ್ತದೋ ಇಲ್ಲವೋ ಎನ್ನುವುದೊಂದೇ ಯೋಚನೆಯಾಯಿತು. ಮಗು ಸ್ವಲ್ಪ ಹೊತ್ತು ಒದೆಯದಿದ್ದರೆ ಹೊಟ್ಟೆಯನ್ನು ಬೆರಳಿನಿಂದ ತಿವಿದು ಎಬ್ಬಿಸುತ್ತಿದ್ದೆ. ಸುದ್ದಿ ಹರಡಿದರೆ ಹೆರಿಗೆ ತಡವಾಗುತ್ತದೆ ಎನ್ನುವುದು ಮೂಢನಂಬಿಕೆ ಎಂದು ಎಸ್ಸೆಸ್ಸೆಲ್ಸಿ ಓದಿದ ನನಗೆ ಗೊತ್ತಿತ್ತು. ಗೊತ್ತಿದ್ದರೂ, ಸುಳ್ಳೋ ನಿಜವೋ ನೋಡಿಬಿಡೋಣ ಎಂದು ಮಗುವನ್ನು ಪಣಕ್ಕಿಡುವ ಧೈರ್ಯ ಇರಲಿಲ್ಲ. ಬಾಯಿ ಬಿಡಬೇಡ ಎಂದಳು ಅವ್ವ, ಆಯ್ತು ಎಂದೆ.

ಇನ್ನು ಜೀಪು ಬೇಕಲ್ಲ. ಆಸ್ಪತ್ರೆ ಇದ್ದದ್ದು ಪೇಟೆಯಲ್ಲಿ. ಎಸ್ಟೇಟಿನ ಜೀಪನ್ನು ಕೊಡುತ್ತೇವೆಂದು ಸಾಹುಕಾರರು ಮೊದಲೇ ಹೇಳಿದ್ದರು. ಆದರೆ ಅಪ್ಪ ಹಗಲೆಲ್ಲ ಯಾವ ಮೂಲೆಯ ತೋಟದಲ್ಲಿರುತ್ತಾರೋ ಹೇಳುವಂತಿಲ್ಲ. ಯಾರನ್ನಾದರೂ ಓಡಿಸಬೇಕು, ಓಡುವವರಿಗೆ ವಿಷಯ ಹೇಳಬೇಕು, ಹೇಳಿದರೆ ಒಂದು ಕಿವಿ ಹೆಚ್ಚಾಗುತ್ತದೆ. ಒಂದು ದಿನ ಊಟಕ್ಕೆ ಕೂತಾಗ ಅಪ್ಪನೇ ದಾರಿ ಹುಡುಕಿದರು. "ಪಲ್ಪರ್ ನಿಂತೈತೆ ಅಂತ ಹೇಳ್ಕಳ್ಸು. ನಾನೆಲ್ಲೇ ಇರ್ಲಿ, ಬಿದ್ದಂಬೀಳ ಓಡ್ಬತ್ತೀನಿ." ಅವ್ವ ಎರಡು ಸಲ ಹೇಳಿಸಿ ಗಟ್ಟಿ ಮಾಡಿಕೊಂಡಳು. ನನ್ನ ಗಂಡನಿಗೆ ಏನು ಹೇಳಿ ಕಳಿಸುವುದು ಎಂದು ಕೇಳಿದೆ. "ಅವ್ರಿಗೂ ಎಲ್ಡು ಕಿವಿ ಐತಲ್ಲ. ಹೆತ್ತಾದ್ಮೇಲೆ ಹೇಳಾಣ" ಎಂದಳು. ಆಲೂರಿನಲ್ಲಿ ಶುಂಠಿ ಕೀಳಿಸುತ್ತಿದ್ದ ಆ ಮನುಷ್ಯನಿಗೆ ತಾನು ತಂದೆಯಾದದ್ದು ಮಾರನೇ ದಿನ ಗೊತ್ತಾಯಿತು.

ಡಿಸೆಂಬರಿನ ಒಂದು ಬೆಳಗಿನ ಜಾವ ಸೊಂಟದಿಂದ ಏನೋ ಹಿಂಡಿದಂತಾಗಿ ಎಚ್ಚರವಾಯಿತು. ಅವ್ವ ಜೀರಿಗೆ ಕಷಾಯ ಮಾಡಿ ಕುಡಿಸಿದಳು. ಸುಳ್ಳು ನೋವಾದರೆ ಕಷಾಯಕ್ಕೆ ನಿಲ್ಲುತ್ತದೆ, ನಿಜದ ನೋವಾದರೆ ಏರುತ್ತದೆ. ನಾನು ಗೋಡೆಗೆ ಒರಗಿ ಕೂತು ನಿಲ್ಲಲಿ ನಿಲ್ಲಲಿ ಎಂದು ಬೇಡಿಕೊಂಡೆ. ಒಂಬತ್ತು ತಿಂಗಳು ಕಾದದ್ದು ಇದಕ್ಕೇ ಎಂಬುದು ಮರೆತೇಹೋಗಿತ್ತು. ಇವತ್ತು ಬೇಡ, ನಾಳೆ ಬರಲಿ, ನಾಳೆಯಾದರೆ ನಾನು ತಯಾರಾಗಿರುತ್ತೇನೆ. ಬೆಳಕು ಹರಿಯುವ ಹೊತ್ತಿಗೆ ನೋವು ಏರಿತು. ಅವ್ವ ಬಾಗಿಲು ಹಾಕಿ, ನನ್ನ ಸೀರೆಯ ಸೆರಗನ್ನು ಮಡಚಿ ಬಾಯಿಗೆ ಕೊಟ್ಟಳು.

ಅದುವರೆಗೆ ನನಗೆ ಗೊತ್ತಿದ್ದ ನೋವುಗಳಿಗೆಲ್ಲ ಒಂದು ಜಾಗವಿತ್ತು. ಹಲ್ಲು, ಕಿವಿ, ಮುಳ್ಳು ಚುಚ್ಚಿದ ಕಾಲು. ಇಲ್ಲಿ ನೋಯುತ್ತಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಇದಕ್ಕೆ ಜಾಗವೇ ಇರಲಿಲ್ಲ, ನಾನಿರುವಷ್ಟೂ ಜಾಗ ಅದರದೇ. ಅದು ಬಂದಾಗ ಬೇರೆ ಏನೂ ಇರುತ್ತಿರಲಿಲ್ಲ. ಬಿಟ್ಟಾಗ ಹೆದರಿಕೆ ಬಂದು ಪಕ್ಕದಲ್ಲಿ ಕೂರುತ್ತಿತ್ತು. ಸಣ್ಣವಳಿದ್ದಾಗ ಅಪ್ಪನ ಹಿಂದೆ ತೋಟ ಸುತ್ತಿದ ದಾರಿಯನ್ನು ಮನಸ್ಸಿನಲ್ಲೇ ನಡೆಯತೊಡಗಿದೆ. ಗೇಟು, ಹಲಸಿನ ಮರ, ಕೆರೆ ಏರಿ, ಏಲಕ್ಕಿ ಹಳ್ಳ, ಹೊಸ ಗಿಡದ ಪಟ್ಟೆ, ಮೇಲಿನ ಗುಡ್ಡ. ಶುರುವಿನಲ್ಲಿ ಒಂದು ನೋವು ಗೇಟಿನಿಂದ ಹಲಸಿನ ಮರದವರೆಗೆ ಇರುತ್ತಿತ್ತು. ಏಳು ಗಂಟೆ ಹೊತ್ತಿಗೆ ಕೆರೆ ಏರಿ ಮುಟ್ಟಿತು.

ಎಂಟು ಗಂಟೆಗೆ ಹಣ್ಣು ಬಿಡಿಸಲು ಹೊರಟ ಲೈನಿನ ಹೆಂಗಸೊಬ್ಬಳನ್ನು ಅವ್ವ ಬಾಗಿಲಲ್ಲೇ ಹಿಡಿದಳು. ನನಗೆ ಒಳಗಿನಿಂದ ಎಲ್ಲ ಕೇಳಿಸುತ್ತಿತ್ತು.

"ನಮ್ಮನೆಯವ್ರು ಮೇಲಿನ್ ಗುಡ್ಡದಲ್ಲವ್ರೆ. ಪಲ್ಪರ್ ನಿಂತೈತೆ ಅಂತ ಹೇಳು."

"ಪಲ್ಪರ್ ಓಡ್ತಾನೇ ಐತಲ್ಲವ್ವ. ಸದ್ದು ಕೇಳ್ತೈತಲ್ಲ."

ಕೇಳುತ್ತಿತ್ತು. ಹಿಂದಿನ ದಿನ ಉಳಿದಿದ್ದ ಹಣ್ಣನ್ನು ಬೆಳಗ್ಗೆಯೇ ಹಾಕಿದ್ದರು. ಪಲ್ಪರ್ ಯಾವತ್ತಿಗಿಂತ ಗಟ್ಟಿಯಾಗಿ ಕಟಗುಟ್ಟುತ್ತಿತ್ತು.

"ನಿಂಗ್ಯಾಕೆ ಅದು? ಹೇಳಿದ್ದಷ್ಟು ಹೇಳು, ಹೋಗು" ಎಂದಳು ಅವ್ವ.

ಹೆಂಗಸು ಹೋದಳು. ನಾವು ಜೀಪಿನ ಸದ್ದಿಗೆ ಕಾದೆವು. ನಾನು ಕೆರೆ ಏರಿಯವರೆಗೆ ನಾಲ್ಕು ಸಲ ಹೋಗಿ ಬಂದಿರಬೇಕು, ಆಗ ಪಲ್ಪರ್ ನಿಜವಾಗಿಯೂ ನಿಂತಿತು. ಮನೆಯಲ್ಲಿ ಲೋಟಗಳು ಸುಮ್ಮನಾದವು. "ಬಂದ್ರು ಕಣೇ. ಇಳ್ದು ಬಂದ್ರು ಅಂತ ಕಾಣ್ತದೆ, ಇನ್ನೇನು ಜೀಪ್ ತತ್ತಾರೆ" ಎಂದು ಅವ್ವ ನನ್ನ ಬೆನ್ನು ನೀವಿದಳು. ಯಾರೂ ಬರಲಿಲ್ಲ. ಅರ್ಧ ಗಂಟೆಯಾಯಿತು. ಪಲ್ಪರ್ ಮನೆಯ ಕಡೆಯಿಂದ ಸ್ಪ್ಯಾನರು ಕಬ್ಬಿಣಕ್ಕೆ ಬಡಿಯುವ ಸದ್ದು, ಅಪ್ಪ ಯಾರಿಗೋ ಬೈಯುವ ದನಿ ಕೇಳಿಸಿತು. ನಾನು ಬಾಯಿಂದ ಸೆರಗು ತೆಗೆದು, "ಅಪ್ಪ ಅಲ್ಲೇನು ಮಾಡ್ತಾವ್ರೆ?" ಎಂದೆ. ಅವ್ವನ ಮುಖ ನೋಡಿದರೆ ಅವಳಿಗೂ ಅದೇ ಪ್ರಶ್ನೆ.

ಆಮೇಲೆ ಗೊತ್ತಾದದ್ದು ಇಷ್ಟು. ಅಪ್ಪ ಮಾತು ಕೊಟ್ಟಂತೆ ಬಿದ್ದಂಬೀಳ ಓಡಿಯೇ ಬಂದಿದ್ದರು, ಪಲ್ಪರ್ ಮನೆಗೆ. ಗುಡ್ಡದಷ್ಟು ಹಣ್ಣು ರಾಶಿ ಬಿದ್ದಿರುವ ವಾರದಲ್ಲಿ ಪಲ್ಪರ್ ನಿಂತಿತು ಎಂದು ಕೇಳಿದ ರೈಟರಿಗೆ ಬೇರೆ ಯಾವ ಅರ್ಥ ಹೊಳೆಯಬೇಕು? ಬಂದು ನೋಡಿದರೆ ಯಂತ್ರ ಓಡುತ್ತಿದೆ. ನಿಂತಿದ್ದು ಮತ್ತೆ ಹೊರಟಿರಬೇಕು, ಅಂದರೆ ಒಳಗೆ ಏನೋ ದೋಷವಿದೆ ಎಂದು ತಾವೇ ನಿಲ್ಲಿಸಿ ಬಿಚ್ಚಿಸಿದರು. ಪಲ್ಪರ್ ನಡೆಸುವವನು ಏನೂ ಆಗಿಲ್ಲ ಎಂದು ಆಣೆ ಹಾಕಿದರೂ ಕೇಳಲಿಲ್ಲ. ಒಳಗಿನ ತಟ್ಟೆ ಬಿಚ್ಚಿ ತೊಳೆದು ನೋಡುತ್ತಾ ಕೂತಿದ್ದಾಗ ತಾವೇ ಹೇಳಿಕೊಟ್ಟಿದ್ದ ಮಾತು ನೆನಪಾಯಿತಂತೆ. "ಅಯ್ಯೋ ಮಾರಾಯ, ಇದಲ್ಲ" ಎಂದು ಸ್ಪ್ಯಾನರನ್ನು ಅಲ್ಲೇ ಬಿಸಾಡಿ ಓಡಿದರಂತೆ. ಅದೇ ಹೊತ್ತಿಗೆ ಜೀಪು ಹಣ್ಣಿನ ಮೂಟೆ ತುಂಬಿಕೊಂಡು ಏಲಕ್ಕಿ ಹಳ್ಳದಲ್ಲಿತ್ತು. ಮೂಟೆ ಇಳಿಸಿ ಮನೆ ಬಾಗಿಲಿಗೆ ಬರುವಾಗ ಹತ್ತೂವರೆ. ಅಪ್ಪನ ಕೈಯಲ್ಲಿ ಗ್ರೀಸು ಹಾಗೇ ಇತ್ತು. ಬೇರೆ ದಿನವಾಗಿದ್ದರೆ ನಾನು ಅವರನ್ನು ಒಂದು ವಾರ ಬೈಯುತ್ತಿದ್ದೆ. ಆವತ್ತು ನೋಡಿದೆ, ಅಷ್ಟೇ. ಅವರು ತಲೆ ತಗ್ಗಿಸಿ ನನ್ನ ಚಪ್ಪಲಿಯನ್ನು ಎತ್ತಿ ಜೀಪಿನೊಳಗಿಟ್ಟರು.

ಆ ದಾರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದೊಂದು ಗುಂಡಿಗೂ ನಾನು ಸೀಟಿನ ಕಂಬಿ ಹಿಡಿದು ಅರ್ಧ ಎದ್ದು ನಿಲ್ಲುತ್ತಿದ್ದೆ. ಡ್ರೈವರಿಗೂ ವಿಷಯ ಹೇಳಿರಲಿಲ್ಲ. ಹಲ್ಲು ನೋವು ಎಂದಿದ್ದಳು ಅವ್ವ. ನನ್ನ ಹೊಟ್ಟೆ ನೋಡಿಯೂ ಅವನು "ಹೌದಾ" ಎಂದು ಗೇರು ಹಾಕಿದ. ಬೆಳಗೋಡಿನಲ್ಲಿ ಬಸ್ಸು ಅಡ್ಡ ನಿಂತು ಜೀಪನ್ನು ತಡೆಯಿತು. ನಮ್ಮ ಪರಿಚಯದ ಹೆಂಗಸೊಬ್ಬರು ಇಣುಕಿ, "ಎಲ್ಗವ್ವ, ಮಗಳ್ನ ಕರ್ಕಂಡು?" ಎಂದರು.

"ಹಲ್ಲು ಕೀಳ್ಸಕ್ಕೆ" ಎಂದಳು ಅವ್ವ.

ನನಗೆ ಸರಿಯಾಗಿ ಆಗಲೇ ನೋವು ಏರುತ್ತಿತ್ತು. ಕೆನ್ನೆಗೆ ಕೈ ಒತ್ತಿಕೊಂಡೆ. ಬೆವರು ಇಳಿಯುತ್ತಿದ್ದ ನನ್ನ ಮುಖ ನೋಡಿ ಅವರಿಗೆ ಕರುಣೆ ಬಂತು. "ಬಸ್ರೀಲಿ ಹಲ್ಲು ಕೀಳಿಸ್ಬಾರ್ದು ಕಣವ್ವ. ಲವಂಗ ಕಚ್ಕಂಡ್ರೆ ಹೋಯ್ತದೆ" ಎಂದು, ಲವಂಗವನ್ನು ಯಾವ ಹಲ್ಲಿಗೆ ಹೇಗೆ ಇಡಬೇಕೆಂದು ಬಿಡಿಸಿ ಹೇಳತೊಡಗಿದರು. ನಾನು ತಲೆ ಆಡಿಸುತ್ತಾ ಇಡೀ ಒಂದು ನೋವನ್ನು, ಗೇಟಿನಿಂದ ಏಲಕ್ಕಿ ಹಳ್ಳದವರೆಗಿನದನ್ನು, ಅವರ ಲವಂಗದ ಮುಂದೆ ನುಂಗಿದೆ. ಈಗ ನೆನೆದರೆ ನಗು ಬರುತ್ತದೆ. ಆಗ, ಈ ಹೆಂಗಸು ಇನ್ನೊಂದು ನಿಮಿಷ ಮಾತಾಡಿದರೆ ಇವರ ಕೈ ಕಚ್ಚಿಬಿಡುತ್ತೇನೆ ಎಂದುಕೊಂಡಿದ್ದೆ.

ಪೇಟೆಯ ಆ ನರ್ಸಿಂಗ್ ಹೋಂ ಈಗಿಲ್ಲ. ಐದಾರು ಹಾಸಿಗೆಯ ಸಣ್ಣ ಜಾಗ. ಹೆರಿಗೆ ಕೋಣೆಯಲ್ಲಿ ಎರಡು ಮಂಚ, ನಡುವೆ ಒಂದು ಹಸಿರು ಪರದೆ. ಒಬ್ಬರು ಸಿಸ್ಟರು, ಒಬ್ಬಳು ಆಯಾ. ಡಾಕ್ಟರಮ್ಮ ಬೆಳಗ್ಗೆ ಬಂದು ಹೋಗಿದ್ದರು, ಬೇಕೆನಿಸಿದಾಗ ಫೋನು ಮಾಡಿ ಕರೆಸುವುದು. ಸಿಸ್ಟರು ಘಟ್ಟದ ಕೆಳಗಿನವರು, ಮೆತ್ತಗಿನ ಮಾತು, ಮುಖದಲ್ಲಿ ಸುಸ್ತು. ನನ್ನನ್ನು ಪರೀಕ್ಷೆ ಮಾಡಿ, "ಇನ್ನೂ ಟೈಮ್ ಉಂಟು. ಹೆದರ್ಬೇಡಿ" ಎಂದರು. ನಾನು ಅವರ ಕೈ ಹಿಡಿದುಕೊಂಡೆ. ನೋವು ಕಡಿಮೆಯಾಗಲು ಏನಾದರೂ ಇಂಜೆಕ್ಷನ್ ಕೊಡಿ ಎಂದು ಕಿವಿಯಲ್ಲಿ ಹೇಳುವಷ್ಟು ಸಣ್ಣ ದನಿಯಲ್ಲಿ ಕೇಳಿದೆ. "ನೋವು ಕಮ್ಮಿ ಆದ್ರೆ ಮಗು ಬರುವುದು ಹೇಗೆ? ನಿಮಗೆ ನೋವು ಸಾಲುವುದಿಲ್ಲ" ಎಂದು ಸ್ವಲ್ಪ ಹೊತ್ತಿನಲ್ಲೇ ಕೈಗೆ ಡ್ರಿಪ್ಪು ಹಾಕಿದರು. ಅದು ನೋವು ಹೆಚ್ಚಿಸುವ ಔಷಧಿ. ಬೆನ್ನಿಗೆ ಸೂಜಿ ಕೊಟ್ಟು ಹೆರಿಗೆ ನೋವನ್ನು ಇಳಿಸುವುದೂ ಉಂಟು ಎಂದು ನಾನು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ, ಹಾಸನದ ಒಂದು ಮದುವೆಮನೆಯಲ್ಲಿ. ಊಟದ ಎಲೆಯ ಮುಂದೆ ಕೂತಿದ್ದ ನನಗೆ ಆ ಮಾತು ಕೇಳಿ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಪರದೆಯ ಆಚೆ ಇನ್ನೊಬ್ಬಳು ಹೆರಿಗೆಗೆ ಬಂದಿದ್ದಳು. ಮಾರನಹಳ್ಳಿ ಕಡೆಯವಳಂತೆ. ಜೊತೆಗೆ ಅವಳ ಅತ್ತೆ. ಆ ಹುಡುಗಿ ಕೂಗುತ್ತಿದ್ದ ರೀತಿಯನ್ನು ನಾನು ಹೊಟ್ಟೆಕಿಚ್ಚಿನಿಂದ ಕೇಳಿದೆ. ಗಂಡನನ್ನು ಬೈದಳು, ಗಂಡನ ಅಪ್ಪನನ್ನು ಬೈದಳು, ತನ್ನನ್ನು ಆ ಮನೆಗೆ ಕೊಟ್ಟ ಸೋದರಮಾವನನ್ನು ಬೈದಳು. ಅತ್ತೆ ಪಕ್ಕದಲ್ಲೇ ನಿಂತು "ಬೈಯಿ ಮಗ, ಬೈಯಿ" ಎನ್ನುತ್ತಿದ್ದರು. ಸಿಸ್ಟರೂ ಆಯಾನೂ ಅವಳ ಹತ್ತಿರವೇ ಇದ್ದರು. ಕೂಗುವವಳ ಹತ್ತಿರ ತಾನೇ ಜನ ಇರುವುದು? ನನ್ನ ಪಕ್ಕದಲ್ಲಿ ಅವ್ವ, ನನ್ನ ಬಾಯಲ್ಲಿ ಸೆರಗು. ನಾನು ಬಾಯಿ ತೆರೆಯುವಂತೆ ಕಂಡಾಗೆಲ್ಲ ಅವಳು ನನ್ನ ಹಣೆಯ ಮೇಲೆ ಕೈಯಿಟ್ಟು ಬಗ್ಗಿ, "ಬ್ಯಾಡ ಮಗ. ಇನ್ನೊಂಚೂರು. ಬ್ಯಾಡ" ಎನ್ನುತ್ತಿದ್ದಳು.

ಸಹಿಸಿಕೊಂಡೆ ಎಂದು ಜನ ಹೇಳುವಾಗ ನನಗೆ ಆ ಮಾತು ಅರ್ಥವಾಗುವುದಿಲ್ಲ. ಸಹಿಸಿಕೊಳ್ಳದೆ ಇರಲು ದಾರಿ ಯಾವುದಿತ್ತು? ಮಂಚದಿಂದ ಇಳಿದು ಹೋಗುವಂತಿರಲಿಲ್ಲ, ಇನ್ನೊಬ್ಬರಿಗೆ ಸ್ವಲ್ಪ ಹೊತ್ತು ಹಿಡಿದುಕೋ ಎಂದು ಕೊಡುವಂತಿರಲಿಲ್ಲ. ತೋಟದ ದಾರಿಯನ್ನು ಹಿಡಿದೆ. ಏಲಕ್ಕಿ ಹಳ್ಳ ದಾಟಿತು, ಹೊಸ ಗಿಡದ ಪಟ್ಟೆ ದಾಟಿತು. ಮೇಲಿನ ಗುಡ್ಡಕ್ಕೆ ಬಂದರೂ ನೋವು ಮುಗಿಯಲಿಲ್ಲ. ಅಲ್ಲಿಂದ ಮುಂದೆ ತೋಟವೇ ಇರಲಿಲ್ಲ, ನನಗೆ ಗೊತ್ತಿದ್ದ ದಾರಿ ಅಷ್ಟೇ. ಗುಡ್ಡದ ಮೇಲೆ ನಿಂತು ಎತ್ತ ಹೋಗಬೇಕೋ ತಿಳಿಯದೆ ಮಂಚದ ಕಂಬಿಯನ್ನು ಹಿಡಿದು ಮಲಗಿದ್ದೆ.

ಎರಡೂವರೆಯಾಗಿರಬೇಕು. ಸಿಸ್ಟರು ಪರದೆ ಸರಿಸಿ ತಲೆ ಹಾಕಿದರು. ನಾನು ಕಣ್ಣು ಮುಚ್ಚಿ ಸುಮ್ಮನೆ ಮಲಗಿದ್ದನ್ನು ನೋಡಿ, "ಪಾಪ, ನಿದ್ದೆ ಬಂದಿದೆ. ಇವರಿಗೆ ಸಂಜೆ ಆಗ್ತದೆ. ಅಮ್ಮಾ, ನೀವು ಹೋಗಿ ಒಂದು ಲೋಟ ಕಾಫಿಯಾದ್ರೂ ಕುಡ್ದು ಬನ್ನಿ" ಎಂದು ಅವ್ವನನ್ನು ಹೊರಗೆ ಕಳಿಸಿದರು. ನಿದ್ದೆಯಲ್ಲ ಎಂದು ಅವ್ವ ಹೇಳಬಹುದಿತ್ತು. ಹೇಳಿದರೆ ಸಿಸ್ಟರಿಗೂ ಗೊತ್ತಾಗುತ್ತದೆ ಎಂದುಕೊಂಡಳೋ ಏನೋ, ದೇವರಿಗೇ ಗೊತ್ತು. ಹೆರಿಗೆ ಆಸ್ಪತ್ರೆಯಲ್ಲಿ ಸಿಸ್ಟರಿನಿಂದ ಬೇನೆಯನ್ನು ಮುಚ್ಚಿಟ್ಟ ತಾಯಿ ಮಗಳು ನಾವಿಬ್ಬರೇ ಇರಬೇಕು. ಅವ್ವ ಹೋದಳು. ಬಾಗಿಲು ಮುಚ್ಚಿತು.

ಆಮೇಲೆ ಬಂದದ್ದು ಬೇರೆಯೇ. ಅದು ನೋವಿನ ಹಾಗೆ ಮೇಲೆ ಬರಲಿಲ್ಲ, ಕೆಳಗೆ ಹೊರಟಿತು. ನನ್ನ ಮೈಯೇ ನನ್ನ ಮಾತು ಕೇಳದೆ ಮುಕ್ಕತೊಡಗಿತು. ಸಿಸ್ಟರನ್ನು ಕರೆಯಬೇಕು ಎಂದು ಗೊತ್ತಾಗುತ್ತಿದೆ, ಪರದೆಯಾಚೆ ಒಂದು ಮಾರು ದೂರದಲ್ಲಿ ಅವರಿದ್ದಾರೆ, ಅವರ ಚಪ್ಪಲಿ ಕಾಣುತ್ತಿದೆ. ದನಿ ಬರಲಿಲ್ಲ. ಬೆಳಗ್ಗೆಯಿಂದ ಅದುಮಿ ಅದುಮಿ ದನಿ ಎಲ್ಲಿಗೆ ಹೋಗಿತ್ತೋ. ಬಾಯಿ ತೆರೆದೆ, ಉಸಿರು ಮಾತ್ರ ಬಂತು. ಪರದೆಯಾಚೆಯವಳು ಅದೇ ಹೊತ್ತಿಗೆ ಮತ್ತೆ ಶುರು ಮಾಡಿದಳು. ನನಗೆ ಆಗ ಸ್ಪಷ್ಟವಾಗಿ ಅನಿಸಿದ್ದು, ನಾನು ಇಲ್ಲಿ ಒಬ್ಬಳೇ ಸಾಯುತ್ತೇನೆ, ಮಗುವೂ ಸಾಯುತ್ತದೆ, ಇವರು ಸಂಜೆ ಬಂದು ನಿದ್ದೆ ಎಂದುಕೊಳ್ಳುತ್ತಾರೆ.

ನೋಡಿದ್ದು ಆ ಹುಡುಗಿಯ ಅತ್ತೆ. ಸೊಸೆಗೆ ನೀರು ತರಲು ಈ ಕಡೆ ಬಂದವರು ಪರದೆ ಸಂದಿಯಿಂದ ನನ್ನ ಕಾಲು ನೋಡಿದರು. ಬೆರಳುಗಳು ಹಕ್ಕಿಯ ಉಗುರಿನ ಹಾಗೆ ಮುದುಡಿಕೊಂಡಿದ್ದವಂತೆ. "ಸಿಸ್ಟ್ರೇ, ಇಲ್ ಬನ್ರವ್ವ. ಈ ಮಗ ಹೆರ್ತಾವ್ಳೆ" ಎಂದರು. ಲೋಟ ಕೆಳಗಿಟ್ಟು ನನ್ನ ತಲೆಯ ಹತ್ತಿರ ಬಂದು ಹೆಗಲು ಹಿಡಿದುಕೊಂಡರು. ಯಾರೋ ಏನೋ, ಆ ಹಿಡಿತ ಇವತ್ತಿಗೂ ಹೆಗಲಿನಲ್ಲಿದೆ. ಸಿಸ್ಟರು ಓಡಿಬಂದು ಹೊದಿಕೆ ಎತ್ತಿದವರೇ ಬಿಳುಚಿಕೊಂಡರು. "ತಲೆ ಬಂದಿದೆ. ಯಾಕೆ ಮಾರಾಯ್ತಿ ನೀವು ಕರಿಲಿಲ್ಲ? ಬಾಯಿಲ್ವಾ ನಿಮಗೆ?"

ನನಗೆ ಬಾಯಿಲ್ವಾ ಎಂದು ಕೇಳಿದ ಮೊದಲಿಗರು ಅವರು. ಎರಡು ಸಲ ಮುಕ್ಕಿದೆ. ಮಗು ಬಂತು.

ಹೆಣ್ಣು ಎಂದಳು ಆಯಾ. ಮಗು ಅಳಲಿಲ್ಲ. ಕರುಳುಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಸಿಸ್ಟರು ಅದನ್ನು ಬಿಡಿಸಿ, ಕತ್ತರಿಸಿ, ಮಗುವನ್ನು ಪಕ್ಕದ ಮೇಜಿಗೆ ಒಯ್ದರು. ಮೈಯೆಲ್ಲ ನೇರಳೆ ಬಣ್ಣಕ್ಕಿತ್ತು. ಬಾಯಿಗೆ ಸಣ್ಣ ನಳಿಗೆ ಹಾಕಿ ಎಳೆದರು. ಅಂಗಾಲಿಗೆ ಬಡಿದರು, ಬೆನ್ನು ಉಜ್ಜಿದರು. ಪರದೆಯಾಚೆಯ ಹುಡುಗಿ ಕೂಡ ಬಾಯಿ ಮುಚ್ಚಿದ್ದಳು. ನಾನು ಕತ್ತೆತ್ತಿ ನೋಡುತ್ತಿದ್ದೆ. ಒಂದು ಸಣ್ಣ ಕೈ ಮೇಜಿನ ಅಂಚಿನಿಂದ ಕೆಳಗೆ ಇಳಿಬಿದ್ದಿತ್ತು, ಸಿಸ್ಟರು ಉಜ್ಜಿದಾಗೆಲ್ಲ ಅಲುಗುತ್ತಿತ್ತು, ಬಿಟ್ಟಾಗ ನಿಲ್ಲುತ್ತಿತ್ತು. ಹೇಳಿದ ಹಾಗೆಲ್ಲ ಕೇಳಿದ್ದೆನಲ್ಲ. ಒಂದು ಕಿವಿಗೂ ಬೀಳದಂತೆ ನೋಡಿಕೊಂಡಿದ್ದೆನಲ್ಲ. ಮತ್ತೆ ಯಾಕೆ?

ಆಗ ಕೂಗಿದೆ. ಕೂಗಬೇಕೆಂದು ಕೂಗಿದ್ದಲ್ಲ. ಬೆಳಗ್ಗೆಯಿಂದ ಒಳಗಿದ್ದದ್ದೆಲ್ಲ ಒಂದೇ ಸಲ ಬಂತು. ಹೆಗಲು ಹಿಡಿದಿದ್ದವರು ಬೆಚ್ಚಿ ಕೈ ಬಿಟ್ಟರು, ಹೊರಗೆ ರಸ್ತೆಯಲ್ಲಿ ಸೈಕಲ್ಲಿನಲ್ಲಿ ಹೋಗುತ್ತಿದ್ದವರು ಇಳಿದು ನಿಂತರಂತೆ. ನಾನು ಉಸಿರೆಳೆದು ಇನ್ನೊಂದು ಸಲ ಕೂಗುವಷ್ಟರಲ್ಲಿ ಮೇಜಿನ ಮೇಲಿನಿಂದ ಬೆಕ್ಕಿನ ಮರಿಯ ಕೂಗಿನಂಥ ಒಂದು ಸದ್ದು ಬಂತು. ಆಮೇಲೆ ಇನ್ನೊಂದು. ಆಮೇಲೆ ನಿಲ್ಲಲೇ ಇಲ್ಲ. ನಳಿಗೆಯಲ್ಲಿ ಕಫ ಬಂದದ್ದೇ ಉಸಿರು ಬಿಟ್ಟಿತು ಎಂದು ಸಿಸ್ಟರು ಹೇಳಿದರು. ಇದ್ದೀತು. ಅವರ ಕಣ್ಣಲ್ಲೂ ನೀರಿತ್ತು.

ಇದಿಷ್ಟು ಒಳಗಿನ ಮಾತು. ಹೊರಗೆ ಆದದ್ದನ್ನು ಅಪ್ಪ ಹೇಳಿದ್ದು. ಪಲ್ಪರಿನ ವಿಷಯ ಬಂದರೆ ಎದ್ದು ಹೋಗುತ್ತಿದ್ದ ಅಪ್ಪ ಇದನ್ನು ಮಾತ್ರ ಕೇಳಿದಾಗೆಲ್ಲ ಹೇಳುತ್ತಿದ್ದರು.

ಅವ್ವ ಕಾಫಿ ಕುಡಿಯಲು ಹೋಗಿರಲಿಲ್ಲ. ಮುಂಬಾಗಿಲ ಮೆಟ್ಟಿಲ ಮೇಲೆ ಅಪ್ಪನ ಪಕ್ಕ ಕೂತಿದ್ದಳು. ನನ್ನ ಕೂಗು ಕೇಳಿಸಿತು. ಬೆಳಗ್ಗೆಯಿಂದ ಒಂದು ಸದ್ದೂ ಮಾಡದ ಮಗಳು ಈಗ ಹೀಗೆ ಕೂಗಿದಳು ಎಂದರೆ ಅವಳ ಮಟ್ಟಿಗೆ ಅದಕ್ಕೆ ಒಂದೇ ಅರ್ಥವಿತ್ತು. "ಹೋಯ್ತು" ಎಂದಳಂತೆ. ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಎರಡೂ ಕೈಯಿಂದ ಕಿವಿ ಮುಚ್ಚಿ, ಕಣ್ಣು ಮುಚ್ಚಿ ಬಗ್ಗಿಬಿಟ್ಟಳು. ಆಯಾ ಮಗುವನ್ನು ಹಳೇ ಪಂಚೆಯ ಬಟ್ಟೆಯಲ್ಲಿ ಸುತ್ತಿ ತಂದಾಗಲೂ ಹಾಗೇ ಇದ್ದಳು. ಬಟ್ಟೆ ಅವಳ ಮೊಣಕೈಗೆ ತಾಗಿತು. "ಬ್ಯಾಡ. ನಂಗ್ ತೋರಿಸ್ಬ್ಯಾಡಿ. ನಾನ್ ಒಂದ್ ಸಲ ನೋಡಿವ್ನಿ, ಇನ್ನ್ ನೋಡಲ್ಲ" ಎಂದಳು. ಬಟ್ಟೆಯೊಳಗೆ ಮಗು ಕಿರುಚುತ್ತಲೇ ಇತ್ತು. ಕಿವಿ ಮುಚ್ಚಿದ್ದ ಅವಳಿಗೆ ಅದು ಮುಟ್ಟಲಿಲ್ಲ. ಅಪ್ಪ ಹೆಗಲು ಅಲುಗಾಡಿಸಿದರು, ಆಯಾ ಕೂಗಿ ಹೇಳಿದಳು. ಅವ್ವ ಕಲ್ಲಿನ ಹಾಗೆ ಕೂತಿದ್ದಳು.

ಅಪ್ಪನಿಗೆ ಇನ್ನೇನು ಮಾಡಬೇಕೋ ತೋಚಲಿಲ್ಲ. ಮಗುವನ್ನು ಆಯಾನ ಕೈಯಿಂದ ಇಸ್ಕೊಂಡು ಅವ್ವನ ಮಡಿಲಲ್ಲಿ ಇಟ್ಟುಬಿಟ್ಟರು. ಅವಳು ನೋಡಲಿಲ್ಲ, ಹಿಡಿಯಲೂ ಇಲ್ಲ. ಬಿದ್ದೀತೆಂದು ಅಪ್ಪ ತಾವೇ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದರು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ ಅವರಿಗೂ ಗೊತ್ತಿಲ್ಲ. ನನ್ನ ಮಗಳು ಈ ಲೋಕದಲ್ಲಿ ಅಳುವುದನ್ನು ಬಿಟ್ಟು ಮಾಡಿದ ಮೊದಲ ಕೆಲಸ ಅಲ್ಲಿ ಆಯಿತು. ಬಟ್ಟೆ ನೆನೆದು, ಅವ್ವನ ಸೀರೆ ನೆನೆದು, ತೊಡೆಗೆ ಇಳಿಯಿತು. ಅವ್ವ ಕಿವಿಯಿಂದ ಒಂದು ಕೈ ತೆಗೆದಳು. ಕಣ್ಣು ಮುಚ್ಚಿಕೊಂಡೇ ಒದ್ದೆಯಾದ ಜಾಗವನ್ನು ಮುಟ್ಟಿದಳು. ಅಂಗೈಯನ್ನು ಅಲ್ಲೇ ಒತ್ತಿ ಹಿಡಿದಳು.

"ಬೆಚ್ಚಗೈತೆ ಕಣ್ರೀ" ಎಂದಳಂತೆ. "ಮುಟ್ನೋಡಿ, ಬೆಚ್ಚಗೈತೆ."